ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ಮೂತ್ರ ಸೋರಿಕೆ: ಪುರುಷರಿಗೆ ಶ್ರೋಣಿ ತಳದ ವ್ಯಾಯಾಮದ ಕ್ರಮ

ಕ್ಯಾನ್ಸರ್ ಕಾರಣದಿಂದ ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಸಿಕೊಂಡ ಪುರುಷರಲ್ಲಿ ಹೆಚ್ಚಿನವರಿಗೆ, ಕೆಥೆಟರ್ (ಮೂತ್ರ ಹೊರಹೋಗಲು ಇಟ್ಟ ನಳಿಕೆ) ತೆಗೆದ ದಿನದಿಂದಲೇ ಸ್ವಲ್ಪವೋ ಹೆಚ್ಚೋ ಮೂತ್ರ ಸೋರತೊಡಗುತ್ತದೆ. ಕೆಮ್ಮಿದಾಗ, ಕುರ್ಚಿಯಿಂದ ಎದ್ದಾಗ, ನೆಲದ ಮೇಲೆ ಕುಳಿತು ಊಟ ಮುಗಿಸಿ ಏಳುವಾಗ, ದಿನವಿಡೀ ಓಡಾಡಿ ದಣಿದ ಸಂಜೆಯಲ್ಲಿ ಬಟ್ಟೆ ಒದ್ದೆಯಾಗುತ್ತದೆ. ಆಸ್ಪತ್ರೆಯಿಂದ ಹೊರಡುವಾಗ ಕೊಡುವ ಡಿಸ್ಚಾರ್ಜ್ ಕಾಗದದಲ್ಲಿ ‘ಕೀಗಲ್ ವ್ಯಾಯಾಮ ಮಾಡಿ’, ಅಂದರೆ ಶ್ರೋಣಿ ತಳದ ಸ್ನಾಯುಗಳನ್ನು ಬಿಗಿದು ಸಡಿಲಿಸಿ, ಎಂಬ ಒಂದು ಸಾಲು ಅನೇಕ ವೇಳೆ ಇರುತ್ತದೆ. ಯಾವ ಸ್ನಾಯುವನ್ನು, ಹೇಗೆ, ಎಷ್ಟು ಹೊತ್ತು ಬಿಗಿಯಬೇಕು ಎಂಬುದು ಇರುವುದು ಅಪರೂಪ. ಫಲವಾಗಿ ಗುದದ್ವಾರವನ್ನು ಬಲವಾಗಿ ಬಿಗಿಹಿಡಿದು ದಿನಕ್ಕೆ ನೂರಾರು ಬಾರಿ ಎಣಿಸುತ್ತಾ, ತಿಂಗಳಾದರೂ ಗುಣ ಕಾಣದೆ ಬೇಸತ್ತು ಬಿಟ್ಟುಬಿಡುವವರೇ ಹೆಚ್ಚು. ಈ ವ್ಯಾಯಾಮದಲ್ಲಿ ಎಣಿಕೆಗಿಂತ ಮುಖ್ಯವಾದವು ಮೂರು ಸಂಗತಿಗಳು: ಮುಂಭಾಗದ ಸರಿಯಾದ ಸ್ನಾಯುವನ್ನು ಗುರುತಿಸುವುದು, ಬಿಗಿದಷ್ಟೇ ಶ್ರದ್ಧೆಯಿಂದ ಸಡಿಲಿಸುವುದು ಮತ್ತು ಸೋರುವ ಕ್ಷಣಕ್ಕೆ ಸ್ವಲ್ಪ ಮೊದಲೇ ಅದನ್ನು ಬಳಸುವುದು.

ಏಕೆ ಸೋರುತ್ತದೆ

ಶ್ರೋಣಿ ತಳದ ಸ್ನಾಯುಗಳು, ಅಂದರೆ ಫಿಸಿಯೋಥೆರಪಿಯವರು ಪೆಲ್ವಿಕ್ ಫ್ಲೋರ್ ಎಂದು ಕರೆಯುವ ಸ್ನಾಯುಗಳ ಗುಂಪು, ಮುಂದೆ ಜನನಾಂಗದ ಮೇಲಿನ ಎಲುಬಿನಿಂದ ಹಿಂದೆ ಬಾಲದೆಲುಬಿನವರೆಗೆ ಹರಡಿಕೊಂಡು ಮೂತ್ರಕೋಶ ಮತ್ತು ಗುದನಾಳವನ್ನು ಕೆಳಗಿನಿಂದ ಆಧರಿಸುತ್ತವೆ. ಇವುಗಳ ಜೊತೆಗೆ ಮೂತ್ರನಾಳವನ್ನು ಸುತ್ತುವರಿದ, ನಮ್ಮ ಇಚ್ಛೆಯಂತೆ ಬಿಗಿಯಬಹುದಾದ ಒಂದು ಸ್ನಾಯುವಿನ ಉಂಗುರವಿದೆ. ಶಿಶ್ನದ ಬುಡವನ್ನು ಆವರಿಸಿದ ಸಣ್ಣ ಸ್ನಾಯುಗಳೂ ಇವೆ. ಆರೋಗ್ಯವಂತ ಪುರುಷನಲ್ಲಿ ಮೂತ್ರವನ್ನು ತಡೆಯುವ ಏರ್ಪಾಡು ಒಂದೇ ಬಾಗಿಲಿಗೆ ಎರಡು ಚಿಲಕ ಹಾಕಿದ ಹಾಗೆ. ಮೇಲಿನದು ಮೂತ್ರಕೋಶದ ಕುತ್ತಿಗೆಯ ಬಳಿ ತಾನಾಗಿಯೇ ಕೆಲಸ ಮಾಡುತ್ತದೆ, ಕೆಳಗಿನದು ಪ್ರಾಸ್ಟೇಟಿನ ಕೆಳತುದಿಯಲ್ಲಿ ನಮ್ಮ ಹಿಡಿತದಲ್ಲಿರುತ್ತದೆ. ಪ್ರಾಸ್ಟೇಟನ್ನು ಅದರೊಳಗಿನ ಮೂತ್ರನಾಳದ ಭಾಗದ ಸಮೇತ ತೆಗೆದು, ಮೂತ್ರಕೋಶವನ್ನು ಉಳಿದ ನಾಳಕ್ಕೆ ಹೊಲಿದಾಗ ಮೇಲಿನ ತಡೆ ಬಹುಮಟ್ಟಿಗೆ ಹೋಗುತ್ತದೆ. ಅಲ್ಲಿಯವರೆಗೆ ಸಹಾಯಕನ ಪಾತ್ರದಲ್ಲಿದ್ದ ಕೆಳಗಿನ ಸ್ನಾಯು ಈಗ ಇಡೀ ದಿನದ ಹೊಣೆಯನ್ನು ಹೊರಬೇಕಾಗುತ್ತದೆ. ಸಂಜೆಯ ಹೊತ್ತಿಗೆ ಸೋರಿಕೆ ಹೆಚ್ಚುವುದು ಇದೇ ಕಾರಣಕ್ಕೆ: ಸ್ನಾಯು ದಣಿದಿರುತ್ತದೆ.

ಪ್ರಾಸ್ಟೇಟ್ ಊತಕ್ಕಾಗಿ ಮೂತ್ರನಾಳದ ಮೂಲಕ ಗ್ರಂಥಿಯ ಒಳಭಾಗವನ್ನಷ್ಟೇ ಕೆರೆದು ತೆಗೆಯುವ ಟಿಯುಆರ್‌ಪಿ ಶಸ್ತ್ರಚಿಕಿತ್ಸೆಯ ಕಥೆ ಬೇರೆ. ಅದರಲ್ಲಿ ಕೆಳಗಿನ ಸ್ನಾಯು ಸಾಮಾನ್ಯವಾಗಿ ಉಳಿದಿರುತ್ತದೆ. ನಂತರದ ಕೆಲವು ವಾರಗಳ ಸೋರಿಕೆ ಹೆಚ್ಚಾಗಿ ಮೂತ್ರಕೋಶದ ಅವಸರದಿಂದ ಬರುವಂಥದ್ದು ಮತ್ತು ಬಹುತೇಕರಲ್ಲಿ ತಾನಾಗಿಯೇ ತಗ್ಗುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಶ್ರೋಣಿ ತಳದ ಎಲ್ಲ ತೊಂದರೆಗಳೂ ಸ್ನಾಯು ದುರ್ಬಲವಾಗಿರುವುದರಿಂದಲೇ ಬರುವುದಿಲ್ಲ. ಕೆಲವು ಪುರುಷರಲ್ಲಿ, ಅದರಲ್ಲೂ ಯುವಕರಲ್ಲಿ ಮತ್ತು ನಡುವಯಸ್ಸಿನವರಲ್ಲಿ, ಈ ಸ್ನಾಯುಗಳು ಸದಾ ಬಿಗಿದುಕೊಂಡಿರುತ್ತವೆ. ವೃಷಣ ಮತ್ತು ಗುದದ್ವಾರದ ನಡುವಿನ ಜಾಗದಲ್ಲಿ ನೋವು, ಹೆಚ್ಚು ಹೊತ್ತು ಕುಳಿತರೆ ಅಥವಾ ಬೈಕ್ ಓಡಿಸಿದರೆ ಹೆಚ್ಚುವ ನೋವು, ಶಿಶ್ನದ ತುದಿಯಲ್ಲಿ ಉರಿ, ಸ್ಖಲನದ ನಂತರ ನೋವು, ಮೂತ್ರ ಶುರುವಾಗಲು ತಡ, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು, ಮಲಬದ್ಧತೆ ಇವು ಅದರ ಲಕ್ಷಣಗಳು. ಇಂಥವರಿಗೆ ಪ್ರಾಸ್ಟಟೈಟಿಸ್ (ಪ್ರಾಸ್ಟೇಟ್ ಉರಿಯೂತ) ಎಂಬ ಹೆಸರಿನಲ್ಲಿ ಆ್ಯಂಟಿಬಯೋಟಿಕ್ ಮೇಲೆ ಆ್ಯಂಟಿಬಯೋಟಿಕ್ ಬರೆದುಕೊಡುವುದುಂಟು, ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಾಣಿಸದಿದ್ದರೂ. ಪ್ರಾಸ್ಟಟೈಟಿಸ್ ಎಂದು ಗುರುತಿಸಲಾಗುವ ಪ್ರಕರಣಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಸೋಂಕಿನಿಂದ ಬಂದವಲ್ಲ. ಈಗಾಗಲೇ ಬಿಗಿದ ಸ್ನಾಯುವನ್ನು ಕೀಗಲ್ ಹೆಸರಿನಲ್ಲಿ ಇನ್ನಷ್ಟು ಬಿಗಿದರೆ ನೋವು ಹೆಚ್ಚಬಹುದು. ಆದ್ದರಿಂದ ನೋವು ಮುಖ್ಯ ಲಕ್ಷಣವಾಗಿರುವವರು ಇಲ್ಲಿ ಮುಂದೆ ಹೇಳುವ ಬಿಗಿಯುವ ಅಭ್ಯಾಸವನ್ನು ತಾವಾಗಿಯೇ ಆರಂಭಿಸಬಾರದು. ಅವರಿಗೆ ಸಂಬಂಧಿಸಿದ ಮಾತು ಕೊನೆಯ ಭಾಗದಲ್ಲಿದೆ.

ಮೂತ್ರದಲ್ಲಿ ರಕ್ತ, ಜ್ವರ, ಮೂತ್ರವೇ ಕಟ್ಟಿಹೋಗುವುದು ಇವುಗಳಿದ್ದರೆ ವ್ಯಾಯಾಮಕ್ಕಿಂತ ಮೊದಲು ಯೂರಾಲಜಿಸ್ಟರನ್ನು ಕಾಣಬೇಕು. ತೊಡೆಸಂದು ಮತ್ತು ಗುದದ್ವಾರದ ಸುತ್ತ ಸ್ಪರ್ಶವೇ ತಿಳಿಯದಂತಾಗಿ ಕಾಲುಗಳ ಬಲವೂ ಕುಗ್ಗಿದರೆ ಬೆನ್ನುಹುರಿಯ ನರಗಳು ಒತ್ತಲ್ಪಟ್ಟಿರಬಹುದು; ಅದೇ ದಿನ, ತಡಮಾಡದೆ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಸ್ನಾಯುವನ್ನು ಗುರುತಿಸುವುದು

ಇಡೀ ಅಭ್ಯಾಸದ ತಿರುಳು ಇಲ್ಲಿದೆ, ಆದ್ದರಿಂದ ಇದಕ್ಕೆ ಕೆಲವು ದಿನಗಳನ್ನೇ ಮೀಸಲಿಟ್ಟರೂ ನಷ್ಟವಿಲ್ಲ. ಅಂಗಾತ ಮಲಗಿ, ಮಂಡಿಗಳನ್ನು ಮಡಿಸಿ, ಪಾದಗಳನ್ನು ನೆಲಕ್ಕೆ ಊರಿ. ಹೊಟ್ಟೆ, ಪೃಷ್ಠ, ತೊಡೆಗಳನ್ನು ಸಡಿಲ ಬಿಟ್ಟು ಎರಡು ಮೂರು ಬಾರಿ ನಿಧಾನವಾಗಿ ಉಸಿರಾಡಿ. ಈಗ ಶಿಶ್ನವನ್ನು ದೇಹದೊಳಕ್ಕೆ ಎಳೆದುಕೊಂಡು ಗಿಡ್ಡವಾಗಿಸುತ್ತಿದ್ದೇನೆ ಎಂದು ಭಾವಿಸಿ ಮೆಲ್ಲಗೆ ಪ್ರಯತ್ನಿಸಿ. ಅದು ಹೊಳೆಯದಿದ್ದರೆ, ಮುಂಜಾನೆಯ ತಣ್ಣನೆಯ ಹೊಳೆನೀರು ತೊಡೆಯ ಮಟ್ಟಕ್ಕೆ ಬಂದಾಗ ವೃಷಣಗಳನ್ನು ಮೇಲಕ್ಕೆ ಎಳೆದುಕೊಳ್ಳುವ ಭಾವನೆಯನ್ನು ನೆನಪಿಸಿಕೊಳ್ಳಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಡ್ಜಸ್ ಮತ್ತು ಸಂಗಡಿಗರು ಅಲ್ಟ್ರಾಸೌಂಡ್ ಮೂಲಕ ಬೇರೆ ಬೇರೆ ಸೂಚನೆಗಳನ್ನು ಹೋಲಿಸಿ ನೋಡಿದಾಗ, ಮೂತ್ರನಾಳದ ಸ್ನಾಯುವನ್ನು ಹೆಚ್ಚು ಚೆನ್ನಾಗಿ ಕೆಲಸಕ್ಕೆ ಹಚ್ಚಿದ್ದು ‘ಶಿಶ್ನವನ್ನು ಗಿಡ್ಡವಾಗಿಸಿ’ ಎಂಬ ಸೂಚನೆಯೇ. ‘ಗುದದ್ವಾರವನ್ನು ಬಿಗಿಯಿರಿ’ ಎಂದರೆ ಹಿಂಭಾಗದ ಸ್ನಾಯು ಬಿಗಿಯುತ್ತದೆ, ಗಾಳಿ ತಡೆಯಲು ಅದು ಸರಿ. ಮೂತ್ರ ತಡೆಯಬೇಕಾದವನಿಗೆ ಅದೊಂದೇ ಸಾಲದು.

ಸರಿಯಾಗಿ ಆಗುತ್ತಿದೆಯೇ ಎಂದು ಪರೀಕ್ಷಿಸಲು ಎರಡು ಸುಲಭ ಉಪಾಯಗಳಿವೆ. ಬಟ್ಟೆಯಿಲ್ಲದೆ ಕನ್ನಡಿಯ ಮುಂದೆ ನಿಂತು ಬಿಗಿದಾಗ ಶಿಶ್ನದ ಬುಡ ಸ್ವಲ್ಪ ಒಳಕ್ಕೆ ಸರಿದು ವೃಷಣಗಳು ತುಸು ಮೇಲೇಳಬೇಕು. ಸಡಿಲಿಸಿದಾಗ ಮತ್ತೆ ಕೆಳಗಿಳಿಯುವುದೂ ಕಾಣಬೇಕು. ಎರಡನೆಯದು, ವೃಷಣದ ಹಿಂದೆ, ಗುದದ್ವಾರದ ಮುಂದೆ ಬೆರಳಿಟ್ಟು ನೋಡುವುದು: ಬಿಗಿದಾಗ ಆ ಜಾಗ ಬೆರಳಿನಿಂದ ಒಳಕ್ಕೆ, ಮೇಲಕ್ಕೆ ಸರಿಯಬೇಕು. ಅದರ ಬದಲು ಹೊರಕ್ಕೆ ತಳ್ಳಿದಂತಾದರೆ ನೀವು ಮಲವಿಸರ್ಜನೆಗೆ ತಿಣುಕಿದ ಹಾಗೆ ಕೆಳಮುಖವಾಗಿ ಒತ್ತುತ್ತಿದ್ದೀರಿ ಎಂದರ್ಥ, ಆ ಒತ್ತಡ ಸೋರಿಕೆಯನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಉಸಿರು ಕಟ್ಟಿದರೆ, ಹುಬ್ಬು ಗಂಟಿಕ್ಕಿದರೆ, ಪೃಷ್ಠಗಳು ಗಟ್ಟಿಯಾದರೆ ಅಗತ್ಯಕ್ಕಿಂತ ಹೆಚ್ಚು ಬಲ ಹಾಕುತ್ತಿದ್ದೀರಿ, ಅರ್ಧಕ್ಕೆ ಇಳಿಸಿ. ಮೂತ್ರ ಮಾಡುವಾಗ ಧಾರೆಯನ್ನು ನಡುವೆ ನಿಲ್ಲಿಸಿ ನೋಡುವುದನ್ನು ಗುರುತಿಸುವ ಸಲುವಾಗಿ ಒಮ್ಮೆ ಮಾಡಬಹುದು. ಅದನ್ನೇ ನಿತ್ಯದ ವ್ಯಾಯಾಮವನ್ನಾಗಿ ಮಾಡಿಕೊಂಡರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಹೊಸ ತೊಂದರೆಗೆ ದಾರಿಯಾಗಬಹುದು.

ಯೋಗಾಭ್ಯಾಸ ಮಾಡಿದವರು ಇದು ಮೂಲಬಂಧವೇ ಅಲ್ಲವೇ ಎಂದು ಕೇಳುವುದುಂಟು. ಹತ್ತಿರದ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. ಮೂಲಬಂಧವನ್ನು ಅನೇಕ ಕಡೆ ಕುಂಭಕದೊಂದಿಗೆ, ಅಂದರೆ ಉಸಿರು ಹಿಡಿದು, ಕಲಿಸುತ್ತಾರೆ. ಅಶ್ವಿನೀ ಮುದ್ರೆಯಲ್ಲಿ ಒತ್ತು ಇರುವುದು ಗುದದ್ವಾರದ ಮೇಲೆ. ಇಲ್ಲಿ ಉಸಿರು ನಿಲ್ಲಬಾರದು, ಒತ್ತು ಮುಂಭಾಗದಲ್ಲಿರಬೇಕು. ಯೋಗದ ಹಿನ್ನೆಲೆಯಿರುವವರಿಗೆ ದೇಹದ ಆ ಭಾಗದ ಅರಿವು ಮೊದಲೇ ಇರುವುದರಿಂದ ಈ ವ್ಯತ್ಯಾಸ ತಿಳಿದ ಮೇಲೆ ಕಲಿಕೆ ಬೇಗ ಆಗುತ್ತದೆ.

ಯಾವಾಗ, ಎಷ್ಟು

ಸಾಧ್ಯವಾದರೆ ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಕಲಿಯುವುದು ಒಳ್ಳೆಯದು, ಏಕೆಂದರೆ ನೋವು, ಊತ, ಹೊಲಿಗೆಗಳ ನಡುವೆ ಹೊಸದೊಂದು ಚಲನೆಯನ್ನು ಗುರುತಿಸುವುದು ಕಷ್ಟ. ಕೆಥೆಟರ್ ಇರುವಷ್ಟು ದಿನ, ಸಾಮಾನ್ಯವಾಗಿ ಒಂದರಿಂದ ಎರಡು ವಾರ, ವ್ಯಾಯಾಮ ಮಾಡಬಾರದು. ತೆಗೆದ ಮೇಲೆ ಶಸ್ತ್ರಚಿಕಿತ್ಸಕರ ಒಪ್ಪಿಗೆ ಪಡೆದು ಆರಂಭಿಸಬೇಕು.

ಆರಂಭದಲ್ಲಿ ಮಲಗಿದ ಭಂಗಿಯಲ್ಲಿ ಮೂರರಿಂದ ಐದು ಸೆಕೆಂಡು ಬಿಗಿಹಿಡಿದು, ಅಷ್ಟೇ ಹೊತ್ತು ಅಥವಾ ಅದರ ಎರಡರಷ್ಟು ಹೊತ್ತು ಪೂರ್ತಿಯಾಗಿ ಸಡಿಲ ಬಿಡಬೇಕು. ಹೀಗೆ ಎಂಟರಿಂದ ಹತ್ತು ಬಾರಿ. ಅದರ ನಂತರ ಒಂದು ಸೆಕೆಂಡಿನಷ್ಟು ಚುರುಕಾಗಿ ಬಿಗಿದು ಬಿಡುವುದು ಎಂಟರಿಂದ ಹತ್ತು ಬಾರಿ. ಇಷ್ಟು ಒಂದು ಸುತ್ತು, ದಿನಕ್ಕೆ ಮೂರು ಸುತ್ತು ಸಾಕು. ಆರನೆಯ ಬಾರಿಗೇ ಸ್ನಾಯು ಸೋತು ಪೃಷ್ಠ ಸಹಾಯಕ್ಕೆ ಬರುತ್ತಿದೆ ಎನಿಸಿದರೆ ಆರಕ್ಕೇ ನಿಲ್ಲಿಸಬೇಕು. ಕೆಟ್ಟದಾಗಿ ಮಾಡಿದ ನಾಲ್ಕು ಸೇರಿಸಿ ಹತ್ತು ಮಾಡುವುದರಲ್ಲಿ ಅರ್ಥವಿಲ್ಲ. ವಾರಗಳು ಕಳೆದಂತೆ ಹಿಡಿತವನ್ನು ಹತ್ತು ಸೆಕೆಂಡಿಗೆ ಏರಿಸಿ, ಮಲಗಿ ಮಾಡುತ್ತಿದ್ದದ್ದನ್ನು ಕುಳಿತು, ನಂತರ ನಿಂತು, ಕೊನೆಗೆ ನಡೆಯುವಾಗ ಮಾಡುವಷ್ಟಕ್ಕೆ ಬರಬೇಕು. ಸೋರುವುದು ನಿಂತಾಗ, ನಡೆದಾಗ. ಹಾಸಿಗೆಯಲ್ಲೇ ಉಳಿದ ವ್ಯಾಯಾಮ ಹಾಸಿಗೆಯಲ್ಲಷ್ಟೇ ಉಪಯೋಗಕ್ಕೆ ಬರುತ್ತದೆ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿದ ಮೇಲೆಯೇ ಫಲದ ಬಗ್ಗೆ ತೀರ್ಮಾನಕ್ಕೆ ಬರಬಹುದು. ಒಟ್ಟಾರೆ ಚೇತರಿಕೆ ಒಂದು ವರ್ಷದವರೆಗೂ ಮುಂದುವರಿಯುವುದುಂಟು.

ಸೋರುವ ಕ್ಷಣಕ್ಕೆ ಮುಂಚೆ ಬಿಗಿಯುವ ರೂಢಿಯನ್ನು ಇದರ ಜೊತೆಗೇ ಬೆಳೆಸಿಕೊಳ್ಳಬೇಕು. ಕೆಮ್ಮು ಅಥವಾ ಸೀನು ಬರುವ ಸೂಚನೆ ಸಿಕ್ಕ ಕೂಡಲೇ ಬಿಗಿದು, ಅದು ಮುಗಿದ ಮೇಲೆ ಸಡಿಲಿಸಿ. ಕುರ್ಚಿಯಿಂದ ಏಳುವಾಗ ಮೊದಲು ಬಿಗಿಯಿರಿ, ಉಸಿರು ಬಿಡುತ್ತಾ ಮುಂದಕ್ಕೆ ಬಾಗಿ, ನಂತರ ಏಳಿ. ನೆಲದಿಂದ ಏಳುವುದು ಇವೆಲ್ಲಕ್ಕಿಂತ ಕಠಿಣ ಪರೀಕ್ಷೆ. ಮೊದಲ ವಾರಗಳಲ್ಲಿ ಪಕ್ಕಕ್ಕೆ ತಿರುಗಿ, ಒಂದು ಮಂಡಿಯೂರಿ, ಕೈಯಾನಿಸಿ ಏಳುವುದು ಲೇಸು. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ ಎತ್ತುವುದನ್ನು ಶಸ್ತ್ರಚಿಕಿತ್ಸಕರು ಅನುಮತಿ ಕೊಡುವವರೆಗೆ ಮನೆಯ ಬೇರೆಯವರಿಗೆ ಬಿಡಬೇಕು. ಇಡೀ ದಿನ ಬಿಗಿದುಕೊಂಡೇ ಇರಲು ಯತ್ನಿಸುವವರೂ ಇದ್ದಾರೆ. ಅವರ ಸ್ನಾಯು ಮಧ್ಯಾಹ್ನಕ್ಕೇ ಸೋತು ಸಂಜೆ ಹೆಚ್ಚು ಸೋರುತ್ತದೆ, ಕೆಲವರಿಗೆ ನೋವೂ ಶುರುವಾಗುತ್ತದೆ.

ಇದರ ಮೇಲೆ ಎಷ್ಟು ಭರವಸೆ ಇಡಬಹುದು ಎಂಬುದರಲ್ಲಿ ಪ್ರಾಮಾಣಿಕವಾಗಿರಬೇಕು. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಚಿಕಿತ್ಸಕರಿಂದ ಮುಖಾಮುಖಿಯಾಗಿ ವ್ಯಾಯಾಮ ಕಲಿತವರಿಗೂ ಸಾಮಾನ್ಯ ಆರೈಕೆ ಪಡೆದವರಿಗೂ ಒಂದು ವರ್ಷದ ನಂತರ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಪ್ರಾಸ್ಟೇಟ್ ಪೂರ್ತಿ ತೆಗೆಸಿಕೊಂಡವರಲ್ಲಿ ಎರಡೂ ಗುಂಪುಗಳ ಸುಮಾರು ನಾಲ್ಕರಲ್ಲಿ ಮೂರು ಮಂದಿಗೆ ಸ್ವಲ್ಪವಾದರೂ ಸೋರಿಕೆ ಉಳಿದಿತ್ತು. ಕಲಿಸುವ ವಿಧಾನ ಮುಂಭಾಗದ ಸ್ನಾಯುವನ್ನು ಗುರಿಯಾಗಿಸದಿದ್ದರೆ ಫಲ ಕಡಿಮೆಯಾಗುವುದು ಸಹಜ ಎಂಬುದು ನಂತರದ ಸಂಶೋಧಕರ ವಾದ, ನನಗೂ ಅದು ಒಪ್ಪಿಗೆಯಾಗುತ್ತದೆ. ಆದರೂ ವ್ಯಾಯಾಮವೊಂದರಿಂದಲೇ ಎಲ್ಲರಿಗೂ ಗುಣವಾಗುತ್ತದೆ ಎಂದು ಮಾತುಕೊಡುವ ಜಾಹೀರಾತುಗಳನ್ನು ನಂಬಬಾರದು.

ಅಳೆದು ನೋಡುವುದು

ಗುಣವಾಗುತ್ತಿದೆಯೇ ಎಂಬುದನ್ನು ಮನಸ್ಸಿನ ಅಂದಾಜಿಗೆ ಬಿಡಬಾರದು; ಒಂದು ಕೆಟ್ಟ ಸಂಜೆ ಇಡೀ ವಾರದ ಸುಧಾರಣೆಯನ್ನು ಮರೆಸಿಬಿಡುತ್ತದೆ. ಸೋರಿದ ಮೂತ್ರ ಹೀರಲು ಧರಿಸುವ ಪ್ಯಾಡಿನ ಒಣ ತೂಕವನ್ನು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ಬರೆದಿಟ್ಟುಕೊಂಡು, 24 ಗಂಟೆಯಲ್ಲಿ ಬಳಸಿದ ಪ್ಯಾಡುಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು ತೂಗಿ, ಒಣ ತೂಕವನ್ನು ಕಳೆದರೆ ಸೋರಿದ ಪ್ರಮಾಣ ಸಿಗುತ್ತದೆ. ಒಂದು ಗ್ರಾಂ ಎಂದರೆ ಸುಮಾರು ಒಂದು ಮಿಲಿಲೀಟರ್. ವಾರಕ್ಕೊಮ್ಮೆ, ಸಾಮಾನ್ಯ ಓಡಾಟವಿರುವ ಒಂದೇ ತರಹದ ದಿನದಂದು ತೂಗಿದರೆ ಸಾಕು. ದಿನಕ್ಕೆ ಎಷ್ಟು ಪ್ಯಾಡ್ ಎಂಬ ಎಣಿಕೆ ಮೋಸ ಮಾಡುತ್ತದೆ, ಏಕೆಂದರೆ ಒಬ್ಬರು ಹನಿ ಬಿದ್ದ ಕೂಡಲೇ ಬದಲಾಯಿಸುತ್ತಾರೆ, ಇನ್ನೊಬ್ಬರು ತುಂಬುವವರೆಗೆ ಕಾಯುತ್ತಾರೆ. ಜೊತೆಗೆ ಮೂರು ದಿನಗಳ ಮಟ್ಟಿಗೆ ಕುಡಿದ ನೀರು, ಮೂತ್ರಕ್ಕೆ ಹೋದ ವೇಳೆ, ಸೋರಿದ ಸಂದರ್ಭ ಇವನ್ನು ನೋಟ್‌ಬುಕ್ಕಿನಲ್ಲಿ ಬರೆದರೆ ಫಿಸಿಯೋಥೆರಪಿಸ್ಟರಿಗೆ ಅದೇ ಅರ್ಧ ಪರೀಕ್ಷೆ ಮಾಡಿದಂತೆ.

ಸೋರಿಕೆಗೆ ಹೆದರಿ ನೀರು ಕುಡಿಯುವುದನ್ನೇ ನಿಲ್ಲಿಸುವುದು ತಪ್ಪು. ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆಯೂ ಬರುತ್ತದೆ, ತಿಣುಕುವುದರಿಂದ ಶ್ರೋಣಿ ತಳ ಇನ್ನಷ್ಟು ಸಡಿಲುತ್ತದೆ. ತಗ್ಗಿಸಬೇಕಾದದ್ದು ಕಾಫಿ ಮತ್ತು ಚಹಾ: ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಎರಡಕ್ಕೆ ಇಳಿಸಿ ಒಂದು ವಾರ ನೋಡಬಹುದು. ‘ಹೊರಗೆ ಹೋಗುವ ಮುಂಚೆ ಒಮ್ಮೆ ಇರಲಿ’ ಎಂದು ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಹೋಗುವ ಅಭ್ಯಾಸ ಮೂತ್ರಕೋಶವನ್ನು ಸ್ವಲ್ಪಕ್ಕೇ ಅವಸರಪಡುವಂತೆ ಮಾಡುತ್ತದೆ. ಆ ಅಂತರವನ್ನು ಹಂತಹಂತವಾಗಿ ಹಿಗ್ಗಿಸಬೇಕು.

ಹನಿಯುವಿಕೆ ಮತ್ತು ನಿಮಿರುವಿಕೆ

ಶಸ್ತ್ರಚಿಕಿತ್ಸೆಯೇ ಆಗದ ಅನೇಕ ಪುರುಷರಿಗೆ ಮೂತ್ರ ಮಾಡಿ ಬಂದ ಒಂದೆರಡು ನಿಮಿಷದಲ್ಲಿ ಪ್ಯಾಂಟಿನ ಮೇಲೆ ಹನಿ ಬೀಳುತ್ತದೆ. ಮೂತ್ರನಾಳದ ಬಾಗಿದ ಭಾಗದಲ್ಲಿ ಉಳಿದದ್ದು ಹೀಗೆ ಹೊರಬರುತ್ತದೆ. ಮೂತ್ರ ಮುಗಿದ ಕೂಡಲೇ ಒಮ್ಮೆ ಬಲವಾಗಿ ಬಿಗಿದು ಬಿಡುವುದು, ಸಾಲದಿದ್ದರೆ ವೃಷಣದ ಹಿಂದಿನಿಂದ ಬೆರಳುಗಳಿಂದ ಮುಂದಕ್ಕೆ ಮೆಲ್ಲಗೆ ಒತ್ತಿ ತರುವುದು ಇದಕ್ಕೆ ಪರಿಹಾರ.

ಶಿಶ್ನದ ಬುಡದ ಸ್ನಾಯುಗಳು ನಿಮಿರಿದಾಗ ರಕ್ತ ಹಿಂದಿರುಗದಂತೆ ತಡೆಯಲು ನೆರವಾಗುತ್ತವೆ. ಬ್ರಿಟನ್ನಿನ ಫಿಸಿಯೋಥೆರಪಿಸ್ಟ್ ಗ್ರೇಸ್ ಡೋರೆ ಮತ್ತು ಸಂಗಡಿಗರು ನಿಮಿರುವಿಕೆಯ ತೊಂದರೆಯಿದ್ದ 55 ಪುರುಷರಿಗೆ ಈ ವ್ಯಾಯಾಮ ಕಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಶೇ. 40ರಷ್ಟು ಮಂದಿಗೆ ನಿಮಿರುವಿಕೆ ಸಹಜ ಸ್ಥಿತಿಗೆ ಬಂದಿತ್ತು, ಸುಮಾರು ಮೂರನೇ ಒಂದರಷ್ಟು ಮಂದಿಗೆ ಸುಧಾರಿಸಿತ್ತು, ಉಳಿದ ಕಾಲುಭಾಗದವರಿಗೆ ಪ್ರಯೋಜನವಾಗಲಿಲ್ಲ. ಪ್ರಾಸ್ಟೇಟ್ ತೆಗೆಸಿಕೊಂಡವರಿಗೆ ಇದೇ ಲೆಕ್ಕವನ್ನು ಅನ್ವಯಿಸಬಾರದು: ಅಲ್ಲಿ ಪ್ರಶ್ನೆ ಪಕ್ಕದ ನರಗಳು ಉಳಿದವೇ ಎಂಬುದು, ಮತ್ತು ನರದ ಹಾನಿಯನ್ನು ವ್ಯಾಯಾಮ ಸರಿಪಡಿಸಲಾರದು.

ಬಿಗಿದ ಸ್ನಾಯುವಿಗೆ

ನೋವಿನವರು ಕಲಿಯಬೇಕಾದದ್ದು ಬಿಡುವುದನ್ನು. ಅಂಗಾತ ಮಲಗಿ ಮಂಡಿಗಳ ಕೆಳಗೆ ದಿಂಬಿಟ್ಟು, ಉಸಿರು ಒಳಗೆಳೆದಾಗ ಹೊಟ್ಟೆ ಮೇಲೇಳುವುದರ ಜೊತೆಗೆ ಗುದದ್ವಾರ ಮತ್ತು ವೃಷಣದ ನಡುವಿನ ಜಾಗ ಕೆಳಕ್ಕೆ ಹರಡಿಕೊಳ್ಳುವುದನ್ನು ಗಮನಿಸಬೇಕು, ತಳ್ಳಬಾರದು, ಬಿಡಬೇಕಷ್ಟೆ. ಐದಾರು ನಿಮಿಷ, ದಿನಕ್ಕೆ ಎರಡು ಮೂರು ಬಾರಿ. ಬಾಲಾಸನ ಮತ್ತು ಮಂಡಿ ಅಗಲಿಸಿ ಕುಕ್ಕರುಗಾಲಿನಲ್ಲಿ ಕೂರುವುದು ಹಲವರಿಗೆ ಹಿತ ಕೊಡುತ್ತದೆ. ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂರುವ ಭಂಗಿಯಲ್ಲಿ ಗುದನಾಳವನ್ನು ಸುತ್ತಿದ ಸ್ನಾಯು ಹೆಚ್ಚು ಸಡಿಲುತ್ತದೆ. ಕಮೋಡ್ ಬಳಸುವವರು ಪಾದಗಳ ಕೆಳಗೆ ಒಂದು ಎತ್ತರದ ಮಣೆ ಇಟ್ಟುಕೊಂಡರೆ ಅದಕ್ಕೆ ಸಮೀಪದ ಅನುಕೂಲ ಸಿಗುತ್ತದೆ. ಇದರ ಮೇಲೆ, ತರಬೇತಿ ಪಡೆದ ಫಿಸಿಯೋಥೆರಪಿಸ್ಟರು ಹೊಟ್ಟೆ, ತೊಡೆಯ ಒಳಭಾಗ ಮತ್ತು ಗುದದ್ವಾರದ ಮೂಲಕ ಒಳಗಿನ ಗಂಟುಗಟ್ಟಿದ ಸ್ನಾಯುಗಳನ್ನು ಬೆರಳಿನಿಂದ ಒತ್ತಿ ಸಡಿಲಿಸುವ ಚಿಕಿತ್ಸೆ ಕೊಡುತ್ತಾರೆ.

ಫಿಸಿಯೋಥೆರಪಿಸ್ಟರ ಬಳಿ

ಫಿಸಿಯೋಥೆರಪಿಯಲ್ಲಿ ಶ್ರೋಣಿ ತಳದ ಚಿಕಿತ್ಸೆಯ ಶಾಖೆ ಬೆಳೆದದ್ದು ಹೆರಿಗೆಯ ನಂತರದ ಮಹಿಳೆಯರ ಆರೈಕೆಯಿಂದ. ಕೀಗಲ್ ವ್ಯಾಯಾಮಕ್ಕೆ ಹೆಸರು ಕೊಟ್ಟ ಅಮೆರಿಕದ ಆರ್ನಾಲ್ಡ್ ಕೀಗಲ್ ಕೂಡ ಸ್ತ್ರೀರೋಗ ತಜ್ಞರು, ಅವರ ಪ್ರಸಿದ್ಧ ಲೇಖನ ಬಂದದ್ದು 1948ರಲ್ಲಿ. ಆದ್ದರಿಂದ ಬೆಂಗಳೂರು, ಮಂಗಳೂರು, ಮೈಸೂರಿನಂಥ ಊರುಗಳಲ್ಲಿಯೂ ಪೆಲ್ವಿಕ್ ಫ್ಲೋರ್ ಚಿಕಿತ್ಸೆ ಎಂದು ಬೋರ್ಡ್ ಹಾಕಿದವರೆಲ್ಲರೂ ಪುರುಷರನ್ನು ನೋಡುತ್ತಾರೆಂದು ಭಾವಿಸದೆ, ಫೋನ್ ಮಾಡಿ ವಿಚಾರಿಸಬೇಕು: ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದವರನ್ನು ನೋಡುತ್ತೀರಾ, ಅಲ್ಟ್ರಾಸೌಂಡ್ ಅಥವಾ ಬಯೋಫೀಡ್‌ಬ್ಯಾಕ್ ಯಂತ್ರ (ಸ್ನಾಯು ಬಿಗಿಯುವುದನ್ನು ಪರದೆಯಲ್ಲೋ ಶಬ್ದದಲ್ಲೋ ತೋರಿಸುವಂಥದ್ದು) ಇದೆಯೇ ಎಂದು. ಹತ್ತಿರ ಯಾರೂ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆ ಮಾಡಿದ ಯೂರಾಲಜಿ ವಿಭಾಗದಲ್ಲೇ ಕೇಳುವುದು ವಾಸಿ.

ಮೊದಲ ಭೇಟಿಯಲ್ಲಿ ಹೆಚ್ಚಿನ ಹೊತ್ತು ಮಾತುಕತೆಯಲ್ಲೇ ಕಳೆಯುತ್ತದೆ. ನಂತರ ಹೊರಗಿನಿಂದ ನೋಡಿ, ಅಗತ್ಯವಿದ್ದರೆ ಕೈಗವಸು ತೊಟ್ಟ ಬೆರಳನ್ನು ಗುದದ್ವಾರದಲ್ಲಿಟ್ಟು ಸ್ನಾಯುವಿನ ಬಲವನ್ನು ಸೊನ್ನೆಯಿಂದ ಐದರವರೆಗೆ ಅಳೆಯುತ್ತಾರೆ. ಇದಕ್ಕೆ ನಿಮ್ಮ ಒಪ್ಪಿಗೆ ಕಡ್ಡಾಯ. ಬೇಡವೆನ್ನಬಹುದು, ಜೊತೆಗೆ ಒಬ್ಬರು ಇರಲಿ ಎನ್ನಬಹುದು, ನಡುವೆ ನಿಲ್ಲಿಸಿ ಎನ್ನಬಹುದು. ವೃಷಣ ಮತ್ತು ಗುದದ್ವಾರದ ನಡುವೆ ಹೊರಗಿನಿಂದ ಇಡುವ ಅಲ್ಟ್ರಾಸೌಂಡಿನಲ್ಲಿ ಮೂತ್ರನಾಳ ಚಲಿಸುವುದನ್ನು ರೋಗಿಯೇ ಪರದೆಯ ಮೇಲೆ ನೋಡಬಹುದಾದ್ದರಿಂದ, ಆ ಸೌಲಭ್ಯ ಇರುವಲ್ಲಿ ಕಲಿಕೆ ಬಹಳ ಸುಲಭವಾಗುತ್ತದೆ. ಪರೀಕ್ಷೆಯನ್ನೇ ಮಾಡದೆ, ಏನನ್ನೂ ಕೇಳದೆ, ನೇರವಾಗಿ ವಿದ್ಯುತ್ ಉತ್ತೇಜನದ ಯಂತ್ರಕ್ಕೆ ಕೂರಿಸಿ ಹತ್ತು ಸಿಟ್ಟಿಂಗಿನ ಪ್ಯಾಕೇಜ್ ಮಾರುವ ಕಡೆ ಹಣ ಕಟ್ಟುವ ಮುನ್ನ ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ಒಳಿತು.

ಆರು ತಿಂಗಳಿಂದ ಒಂದು ವರ್ಷದವರೆಗೆ ಸರಿಯಾಗಿ ಅಭ್ಯಾಸ ಮಾಡಿದ ಮೇಲೂ ತೂಕದ ಲೆಕ್ಕ ಇಳಿಯದಿದ್ದರೆ ಆ ನೋಟ್‌ಬುಕ್ ಹಿಡಿದು ಯೂರಾಲಜಿಸ್ಟರ ಬಳಿಗೆ ಹಿಂದಿರುಗಬೇಕು. ಸೋರಿಕೆ ಸಾಧಾರಣ ಮಟ್ಟದ್ದಾದರೆ ಮೂತ್ರನಾಳಕ್ಕೆ ಕೆಳಗಿನಿಂದ ಆಧಾರ ಕೊಡುವ ಸ್ಲಿಂಗ್, ಹೆಚ್ಚಿನದಾದರೆ ವೃಷಣಚೀಲದಲ್ಲಿಟ್ಟ ಸಣ್ಣ ಪಂಪನ್ನು ಒತ್ತಿ ತೆರೆಯುವ ಕೃತಕ ಕವಾಟ, ಎರಡೂ ಶಸ್ತ್ರಚಿಕಿತ್ಸೆಯಿಂದ ಅಳವಡಿಸುವಂಥವು. ಇವುಗಳಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ನಿರ್ಧರಿಸುವಾಗ ವೈದ್ಯರು ಮೊದಲು ಕೇಳುವ ವಿಷಯಗಳಲ್ಲಿ ದಿನಕ್ಕೆ ಎಷ್ಟು ಸೋರುತ್ತದೆ ಎಂಬುದೂ ಒಂದು. ಅದರ ಉತ್ತರ ನಿಮ್ಮ ಬಳಿ ಗ್ರಾಂ ಲೆಕ್ಕದಲ್ಲಿ ಬರೆದಿರುತ್ತದೆ.